ಬೆಳಿಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ: ಮನೆಯಲ್ಲಿ ಬಿಪಿ ನೋಡುವ ಹೊತ್ತು

ಬಿಪಿ ಇರುವ ಬಹಳಷ್ಟು ಮನೆಗಳಲ್ಲಿ ಈಗ ಮೆಷಿನ್ ಇದೆ. ಆದರೆ ಅದು ಕಪಾಟಿನಿಂದ ಹೊರಬರುವುದು ತಲೆ ಭಾರವಾದಾಗ, ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ, ಇಲ್ಲವೇ ನೆಂಟರು ಬಂದು ‘ನಂದೂ ಒಂದ್ಸಲ ನೋಡಿ’ ಅಂದಾಗ. ಹೀಗೆ ನೋಡಿದ ಅಂಕಿಗಳನ್ನು ಡಾಕ್ಟರಿಗೆ ತೋರಿಸಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ 6ಕ್ಕೆ 148, ಬುಧವಾರ ಊಟವಾದ ಮೇಲೆ 116, ಶನಿವಾರ ವಾಕಿಂಗ್ ಮುಗಿಸಿ ಬಂದ ಕೂಡಲೆ 154 ಅಂತ ಬರೆದಿದ್ದರೆ, ಮಾತ್ರೆ ಸಾಲುತ್ತಿಲ್ಲವೋ ಹೆಚ್ಚಾಗಿದೆಯೋ ಯಾರು ಹೇಳಬೇಕು?

ರಕ್ತದ ಒತ್ತಡ ಇಡೀ ದಿನ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಹಗಲಿಗಿಂತ ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ. ಏಳುವ ಹೊತ್ತು ಹತ್ತಿರವಾದಂತೆ ಏರತೊಡಗಿ, ಎದ್ದ ಮೇಲಿನ ಒಂದೆರಡು ಗಂಟೆಯಲ್ಲಿ ಚೆನ್ನಾಗಿಯೇ ಮೇಲೆ ಹೋಗುತ್ತದೆ. ಇದರ ಮೇಲೆ ಕಾಫಿ, ನಡಿಗೆ, ಸ್ನಾನ, ಊಟ, ಸಿಟ್ಟು ಎಲ್ಲವೂ ತಮ್ಮ ಪಾಲಿನ ಏರಿಳಿತ ಸೇರಿಸುತ್ತವೆ. ಹಾಗಾಗಿ ಮನೆಯಲ್ಲಿ ನೋಡಿದ ಬಿಪಿಗೆ ಬೆಲೆ ಬರುವುದು ಪ್ರತಿದಿನ ಅದೇ ಹೊತ್ತಿನಲ್ಲಿ, ಅದೇ ಸ್ಥಿತಿಯಲ್ಲಿ ನೋಡಿದಾಗ ಮಾತ್ರ. ‘ಅದೇ ಹೊತ್ತು’ ಅಂದರೆ ಗಡಿಯಾರದ 7 ಗಂಟೆಯೇ ಆಗಬೇಕೆಂದಿಲ್ಲ. ನಿದ್ದೆ, ಮಾತ್ರೆ, ಊಟ ಈ ಮೂರಕ್ಕೆ ಹೊಂದಿಸಿಕೊಂಡ ಹೊತ್ತು ಸಾಕು.

ಬೆಳಗಿನ ಸರದಿ

ಎದ್ದ ಒಂದು ಗಂಟೆಯೊಳಗೆ ನೋಡಬೇಕು. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶವೂ ಬಿಪಿ ಏರಿಸುತ್ತದೆ. ಆಮೇಲೆ ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂತು, ನೋಡಿ, ಬರೆದು, ಅದಾದ ಮೇಲೆ ಬಿಪಿ ಮಾತ್ರೆ, ಕೊನೆಗೆ ಕಾಫಿ ತಿಂಡಿ. ವಾಕಿಂಗ್, ಯೋಗ, ಸ್ನಾನ ಎಲ್ಲವೂ ಇದರ ನಂತರ.

ಡಿಕಾಕ್ಷನ್ ಇಳಿದ ವಾಸನೆ ಮನೆಯೆಲ್ಲ ತುಂಬಿರುವಾಗ ಇದು ಕಷ್ಟದ ಮಾತೇ. ಆದರೂ ಕಾಫಿ, ಟೀ, ಬೀಡಿ ಸಿಗರೇಟು, ವ್ಯಾಯಾಮ ಇವುಗಳಲ್ಲಿ ಯಾವುದಾದರೂ ಆಗಿಬಿಟ್ಟಿದ್ದರೆ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಕಾಫಿಯ ಪ್ರಭಾವ ಕೆಲವರಲ್ಲಿ ಅರ್ಧ ಗಂಟೆಗೆ ಮುಗಿಯುವುದೂ ಇಲ್ಲ. ಕಾಫಿಗೆ ಮುಂಚೆಯೇ ನೋಡಿಬಿಡುವುದು ಲೇಸು.

ಮಾತ್ರೆಗೆ ಮುಂಚೆ ಯಾಕೆ? ಬೆಳಿಗ್ಗೆ 8ಕ್ಕೆ ದಿನಕ್ಕೊಂದು ಮಾತ್ರೆ ನುಂಗುವವರಿಗೆ, ಮರುದಿನ 8ಕ್ಕೆ ಸ್ವಲ್ಪ ಮುಂಚಿನ ಹೊತ್ತಿನಲ್ಲಿ ಹಿಂದಿನ ದಿನದ ಮಾತ್ರೆಯ ಬಲ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಆ ಹೊತ್ತಿನಲ್ಲೂ ಬಿಪಿ ಹಿಡಿತದಲ್ಲಿದ್ದರೆ ಮಾತ್ರೆ 24 ಗಂಟೆ ಕೆಲಸ ಮಾಡುತ್ತಿದೆ ಎಂದರ್ಥ. ಮಾತ್ರೆ ನುಂಗಿ ಮೂರು ಗಂಟೆಯ ನಂತರ ನೋಡಿದರೆ ಅಂಕಿ ಚೆನ್ನಾಗಿಯೇ ಕಾಣಬಹುದು, ಆದರೆ ಬೆಳಗಿನ ಜಾವದಲ್ಲಿ ಏನಾಗುತ್ತಿದೆ ಎಂಬುದನ್ನು ಅದು ಮುಚ್ಚಿಡುತ್ತದೆ.

ಥೈರಾಯ್ಡ್ ಮಾತ್ರೆಯೂ ಇರುವವರು ಅದನ್ನು ಎದ್ದ ಕೂಡಲೆ ಬರೀ ನೀರಿನಲ್ಲಿ ತೆಗೆದುಕೊಂಡು, ಕಾಫಿಗೆ ಮುಂಚೆ ಹೇಗೂ ಬಿಡಬೇಕಾದ ಅರ್ಧದಿಂದ ಒಂದು ಗಂಟೆಯಲ್ಲೇ ಬಿಪಿ ನೋಡಿಕೊಳ್ಳಬಹುದು. ಸಕ್ಕರೆ ಕಾಯಿಲೆಯೂ ಇದ್ದು ಬೆರಳು ಚುಚ್ಚಿ ಶುಗರ್ ನೋಡುವವರು ಬಿಪಿಯನ್ನು ಮೊದಲು ನೋಡಿ, ಆಮೇಲೆ ಚುಚ್ಚಿಕೊಳ್ಳಿ. ನೋವಿನ ಬೆನ್ನಲ್ಲೇ ನೋಡಿದ ಬಿಪಿ ಬೇಡ.

ಸಂಜೆಯ ಸರದಿ

ಇಲ್ಲಿ ಎರಡು ಪದ್ಧತಿಗಳಿವೆ. ಯುರೋಪಿನ ತಜ್ಞರು ರಾತ್ರಿ ಊಟಕ್ಕೆ ಮುಂಚೆ ನೋಡಿ ಅನ್ನುತ್ತಾರೆ, ಜಪಾನಿನವರು ಮಲಗುವ ಮುಂಚೆ. ಯಾವುದನ್ನಾದರೂ ಒಂದನ್ನು ಹಿಡಿದುಕೊಳ್ಳಿ, ಒಂದು ದಿನ ಹಾಗೆ ಒಂದು ದಿನ ಹೀಗೆ ಬೇಡ. ನಮ್ಮ ಕಡೆಯ ದಿನಚರಿಗೆ ಊಟಕ್ಕೆ ಮುಂಚಿನ ಹೊತ್ತೇ ಒಗ್ಗುತ್ತದೆ. ಊಟವಾದ ಮೇಲೆ ರಕ್ತ ಹೊಟ್ಟೆಯ ಕಡೆ ಹೆಚ್ಚು ಹರಿಯುವುದರಿಂದ ಬಿಪಿ ಇಳಿಯುತ್ತದೆ, ವಯಸ್ಸಾದವರಲ್ಲಿ ಮೇಲಿನ ಅಂಕಿ 20 ಪಾಯಿಂಟಿಗಿಂತ ಹೆಚ್ಚು ಇಳಿಯುವುದೂ ಉಂಟು. ಮುದ್ದೆ ಅಥವಾ ಅನ್ನ ಗಟ್ಟಿಯಾಗಿ ಉಂಡು ಒಂದು ಗಂಟೆಗೆ ನೋಡಿ ‘ನನಗೆ ಬಿಪಿ ನಾರ್ಮಲ್ ಆಗಿದೆ’ ಎಂದು ಮಾತ್ರೆ ನಿಲ್ಲಿಸಿದವರು ಕಡಿಮೆಯಿಲ್ಲ.

ಸಂಜೆ 5ರ ಕಾಫಿ ಕುಡಿದು, 7ರಿಂದ 8ರ ನಡುವೆ ನೋಡಿದರೆ ಸರಿಹೋಗುತ್ತದೆ. ಕ್ರಿಕೆಟ್ ಕೊನೆಯ ಓವರಿನಲ್ಲಿದ್ದರೆ ಮುಗಿಯಲಿ ಬಿಡಿ. ರಾತ್ರಿ ಬಿಸಿನೀರಿನ ಸ್ನಾನದ ಅಭ್ಯಾಸವಿದ್ದರೆ ಸ್ನಾನಕ್ಕೆ ಮುಂಚೆ ನೋಡಿ, ಬಿಸಿನೀರು ರಕ್ತನಾಳಗಳನ್ನು ಸಡಿಲಿಸಿ ಬಿಪಿ ತಗ್ಗಿಸುತ್ತದೆ. ಮದ್ಯ ಸೇವಿಸಿದ ರಾತ್ರಿಯ ಅಂಕಿ ಸುಳ್ಳು ಸಮಾಧಾನ ಕೊಡುತ್ತದೆ: ಮೊದಲ ಕೆಲವು ಗಂಟೆ ಇಳಿದಂತೆ ಕಂಡು ಮರುದಿನ ಬೆಳಿಗ್ಗೆ ಏರಿರುತ್ತದೆ. ಅಂಥ ದಿನವನ್ನು ಮುಚ್ಚಿಡಬೇಡಿ, ಪುಸ್ತಕದಲ್ಲಿ ಒಂದು ಗುರುತು ಹಾಕಿಡಿ. ದಿನಕ್ಕೆರಡು ಬಾರಿ ಬಿಪಿ ಮಾತ್ರೆ ಇರುವವರು ಸಂಜೆಯೂ ಮಾತ್ರೆಗೆ ಮುಂಚೆಯೇ ನೋಡಬೇಕು.

ಏಳು ದಿನದ ಲೆಕ್ಕ

ಪ್ರತಿ ಸರದಿಗೆ ಎರಡು ರೀಡಿಂಗ್, ನಡುವೆ ಒಂದು ನಿಮಿಷ. ಮೊದಲನೆಯದು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಬರುತ್ತದೆ. ಅದು ಇಷ್ಟವಾಗಲಿಲ್ಲವೆಂದು ಅಳಿಸಬೇಡಿ, ಎರಡನ್ನೂ ಬರೆಯಿರಿ. ಹೀಗೆ ಏಳು ದಿನ ಬೆಳಿಗ್ಗೆ ಸಂಜೆ ನೋಡಿದರೆ 28 ರೀಡಿಂಗ್ ಆಗುತ್ತವೆ. ಮೊದಲ ದಿನದ ನಾಲ್ಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ದಿನ ಮನಸ್ಸು ಮೆಷಿನ್ ಮೇಲೆಯೇ ಇರುತ್ತದೆ. ಉಳಿದ 24ರ ಸರಾಸರಿಯೇ ನಿಮ್ಮ ಮನೆಯ ಬಿಪಿ. ಏಳು ದಿನ ಆಗುವುದೇ ಇಲ್ಲವೆಂದರೆ ಕನಿಷ್ಠ ಮೂರು ದಿನವಾದರೂ ಬೇಕು.

ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ ಹೆಚ್ಚು. ಆಸ್ಪತ್ರೆಯಲ್ಲಿ 140/90 ಎಂದು ಹೇಳುವ ಗೆರೆ ಮನೆಯಲ್ಲಿ ಐದೈದು ಪಾಯಿಂಟ್ ಕೆಳಗಿರುತ್ತದೆ. ಅಮೆರಿಕದ ಮಾರ್ಗಸೂಚಿಯಲ್ಲಿ ಈ ಗೆರೆ 130/80. ನಿಮ್ಮ ಗುರಿ ಎಷ್ಟಿರಬೇಕು ಎಂಬುದು ವಯಸ್ಸು, ಸಕ್ಕರೆ ಕಾಯಿಲೆ, ಕಿಡ್ನಿ, ಹೃದಯ ನೋಡಿ ಡಾಕ್ಟರು ಹೇಳುವ ಮಾತು.

ಬೆಳಗಿನದನ್ನೂ ಸಂಜೆಯದನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಬೇಕು. ಇದು ಯಾಕೆ ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಎರಡನೇ ದಿನದಿಂದ ಏಳನೆಯ ದಿನದವರೆಗೆ ಒಬ್ಬರ ಬೆಳಗಿನ ಅಂಕಿಗಳು (ಆಯಾ ದಿನದ ಎರಡು ರೀಡಿಂಗಿನ ಸರಾಸರಿ) 142/88, 138/84, 140/86, 136/85, 144/90, 140/83 ಎಂದುಕೊಳ್ಳಿ. ಸಂಜೆಯವು 130/80, 128/78, 126/76, 132/80, 129/79, 129/75. ಬೆಳಗಿನ ಸರಾಸರಿ 140/86, ಸಂಜೆಯದು 129/78. ಎರಡನ್ನೂ ಕಲಸಿದರೆ 134.5/82, ಅಂದರೆ ಗೆರೆಯ ಕೆಳಗೆ. ಒಟ್ಟು ಸರಾಸರಿ ಮಾತ್ರ ನೋಡಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಮಾತ್ರ ಬಿಪಿ ಏರುತ್ತಿರುವುದು ಕಾಣುವುದು ಬಿಡಿಸಿ ಬರೆದಾಗಲೇ.

ಹೀಗೆ ಬೆಳಿಗ್ಗೆ ಮಾತ್ರ ಹೆಚ್ಚಿರುವುದಕ್ಕೆ ಕಾರಣಗಳಿವೆ. ಮಾತ್ರೆಯ ಬಲ ಬೆಳಗಿನವರೆಗೆ ನಿಲ್ಲದೆ ಇರಬಹುದು. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಥರದವು ದೀರ್ಘ ಹೊತ್ತು ನಿಲ್ಲುತ್ತವೆ, ಬೇರೆ ಕೆಲವು ಬೇಗ ಇಳಿಯುತ್ತವೆ. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ಕಟ್ಟಿದಂತಾಗಿ ಏಳುವವರಿಗೆ ಸ್ಲೀಪ್ ಅಪ್ನಿಯಾ ಇರಬಹುದು. ಅಂಥವರಲ್ಲಿ ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ಹಿಂದಿನ ರಾತ್ರಿಯ ಮದ್ಯ ಇನ್ನೊಂದು ಕಾರಣ. ಗೊರಕೆಯ ವಿಷಯ ಗೊತ್ತಿರುವುದು ಪಕ್ಕದಲ್ಲಿ ಮಲಗುವವರಿಗೆ, ಆದ್ದರಿಂದ ಡಾಕ್ಟರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಬೆಳಿಗ್ಗೆ ಹೆಚ್ಚಿದೆಯೆಂದು ಮಾತ್ರೆಯನ್ನು ನೀವಾಗಿಯೇ ರಾತ್ರಿಗೆ ಬದಲಿಸಬೇಡಿ. ರಾತ್ರಿ ನುಂಗಿದರೆ ಹೃದಯಕ್ಕೆ ಹೆಚ್ಚು ರಕ್ಷಣೆ ಎಂಬ ಮಾತು ಕೆಲವು ವರ್ಷ ಹಿಂದೆ ಬಹಳ ಓಡಾಡಿತು. ಬ್ರಿಟನ್ನಿನಲ್ಲಿ 21,104 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಟೈಮ್ ಅಧ್ಯಯನದಲ್ಲಿ, ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯು ಅಥವಾ ಅವುಗಳಿಂದಾಗುವ ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ನುಂಗುವ ಹೊತ್ತೇ ಒಳ್ಳೆಯ ಹೊತ್ತು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿಗೆ ಹಾಕಿಕೊಂಡರೆ ನಿದ್ದೆಯೂ ಹಾಳು, ಕತ್ತಲಲ್ಲಿ ಬಚ್ಚಲಿಗೆ ಎದ್ದು ಬೀಳುವ ಭಯವೂ ಸೇರುತ್ತದೆ. ಬದಲಿಸುವುದಾದರೆ ಏಳು ದಿನದ ಪಟ್ಟಿ ತೋರಿಸಿ, ಕೇಳಿ ಬದಲಿಸಿ.

ಕೂರುವ ರೀತಿ, ತೋಳಿನ ಪಟ್ಟಿ

ಹೊತ್ತು ಸರಿಯಿದ್ದು ಕೂತ ಭಂಗಿ ಸರಿಯಿಲ್ಲದಿದ್ದರೆ ಅಂಕಿ ಕೆಡುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಮಂಚದ ಅಂಚಿನಲ್ಲಿ ಕಾಲು ತೂಗಾಡಿಸಿಕೊಂಡು ನೋಡಬಾರದು. ಬೆನ್ನಿಗೆ ಆಸರೆಯಿರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ. ತೋಳು ಮೇಜಿನ ಮೇಲೆ ಒರಗಿರಬೇಕು, ಪಟ್ಟಿ ಹೃದಯದ ಮಟ್ಟಕ್ಕೆ ಬರಬೇಕು. ಡೈನಿಂಗ್ ಟೇಬಲ್ ತಗ್ಗಿದ್ದರೆ ಮೊಣಕೈ ಕೆಳಗೆ ದಿಂಬೋ ಎರಡು ದಪ್ಪ ಪುಸ್ತಕವೋ ಇಡಿ. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ 7ರಿಂದ 8 ಪಾಯಿಂಟ್ ಸುಮ್ಮನೆ ಹೆಚ್ಚು ತೋರಿಸುತ್ತದೆ. ಕೈಯನ್ನು ತೊಡೆಯ ಮೇಲಿಟ್ಟು ನೋಡುವುದೇ ಮನೆಗಳಲ್ಲಿ ಹೆಚ್ಚು ಕಾಣುವ ತಪ್ಪು.

ಪಟ್ಟಿ ಬರಿತೋಳಿಗೆ ಸುತ್ತಬೇಕು. ಶರ್ಟಿನ ತೋಳನ್ನು ಮೇಲಕ್ಕೆ ಸುರುಟಿ ಬಿಗಿಯಾಗಿಸಿದರೆ ಅದೇ ಒಂದು ಕಟ್ಟಾಗಿ ರಕ್ತ ತಡೆಯುತ್ತದೆ, ಶರ್ಟನ್ನೇ ಒಂದು ಕಡೆ ಕಳಚುವುದು ಮೇಲು. ಬಿಗಿ ತೋಳಿನ ರವಿಕೆ ಹಾಕುವವರು ಬೆಳಿಗ್ಗೆ ನೈಟಿಯಲ್ಲಿದ್ದಾಗಲೇ ನೋಡಿಕೊಂಡರೆ ಸುಲಭ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ 2ರಿಂದ 3 ಸೆಂಟಿಮೀಟರ್ ಮೇಲೆ, ನಳಿಕೆ ಮತ್ತು ಪಟ್ಟಿಯ ಮೇಲಿನ ಗುರುತು ತೋಳಿನ ಒಳಬದಿಗೆ ಬರಬೇಕು. ಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ, ಅದಕ್ಕಿಂತ ಹೆಚ್ಚಲ್ಲ.

ಅಳತೆ ಇನ್ನೂ ಮುಖ್ಯ. ಭುಜ ಮತ್ತು ಮೊಣಕೈ ನಡುವಿನ ಅರ್ಧಕ್ಕೆ ಟೈಲರ್ ಟೇಪ್ ಸುತ್ತಿ ನೋಡಿ. ಮೆಷಿನ್ ಜೊತೆ ಬರುವ ಮಾಮೂಲಿ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ಅದಕ್ಕಿಂತ ದಪ್ಪ ತೋಳಿಗೆ ದೊಡ್ಡ ಪಟ್ಟಿ ಬೇರೆ ಕೊಳ್ಳಬೇಕು. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಹಾಕಿದಾಗ ಮೇಲಿನ ಅಂಕಿ ಸುಮಾರು 5, ಅದಕ್ಕೂ ದೊಡ್ಡದು ಬೇಕಾದವರಿಗೆ ಸುಮಾರು 20 ಪಾಯಿಂಟ್ ಹೆಚ್ಚು ಬಂದಿತ್ತು. ಪಟ್ಟಿಯ ದೋಷಕ್ಕೆ ಒಂದು ಮಾತ್ರೆ ಹೆಚ್ಚು ನುಂಗಿದಂತಾಗುತ್ತದೆ.

ಗಾಳಿ ತುಂಬುವಾಗ ಮಾತಾಡಬಾರದು. ಅಡುಗೆಮನೆಯಿಂದ ‘ಎಷ್ಟಿದೆ?’ ಎಂದು ಕೇಳಿದರೂ ಉತ್ತರ ಆಮೇಲೆ. ಮೊಬೈಲ್ ದೂರ ಇಡಿ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ. ವ್ಯತ್ಯಾಸ 10ಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ತಿಳಿಸಿ, ಮುಂದೆ ಯಾವಾಗಲೂ ಹೆಚ್ಚು ಬಂದ ತೋಳಿನಲ್ಲೇ ನೋಡಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿಸಿದ ಕೈಗೆ ಪಟ್ಟಿ ಹಾಕಬಾರದು. ಎದೆಯ ಕ್ಯಾನ್ಸರಿಗೆ ಕಂಕುಳ ಗಂಟು ತೆಗೆಸಿದ ಕಡೆಯ ಕೈಯನ್ನೂ ಡಾಕ್ಟರನ್ನು ಕೇಳದೆ ಬಳಸಬೇಡಿ. ಮಣಿಕಟ್ಟಿನ ಮೆಷಿನ್ ಬೇಡ, ಕೈ ಸ್ವಲ್ಪ ತಗ್ಗಿದರೂ ಅಂಕಿ ಬದಲಾಗುತ್ತದೆ. ನಾಡಿ ತಾಳ ತಪ್ಪುವ ತೊಂದರೆ ಇರುವವರಲ್ಲಿ ಈ ಯಂತ್ರಗಳ ಅಂಕಿ ಒಂದರಿಂದೊಂದಕ್ಕೆ ಜಿಗಿಯುತ್ತದೆ, ಅವರು ಮೂರು ಸಲ ನೋಡಿ ಸರಾಸರಿ ತೆಗೆಯಲಿ.

ಹೊಸ ಮೆಷಿನ್ ತಂದಾಗ ಒಮ್ಮೆ ಆಸ್ಪತ್ರೆಗೆ ಒಯ್ದು, ಅದೇ ತೋಳಿನಲ್ಲಿ ಅವರದೊಂದು ನಿಮ್ಮದೊಂದು ಎಂದು ಸರದಿಯಲ್ಲಿ ನೋಡಿಸಿ. 5 ಪಾಯಿಂಟಿನೊಳಗಿನ ವ್ಯತ್ಯಾಸ ಪರವಾಗಿಲ್ಲ. 10 ದಾಟಿದರೆ ಪಟ್ಟಿಯನ್ನೋ ಮೆಷಿನನ್ನೋ ಬದಲಿಸಬೇಕು.

ಮೆಷಿನ್ ಗಡಿಯಾರ

ಇದನ್ನು ಯಾರೂ ಗಮನಿಸುವುದಿಲ್ಲ. ಬ್ಯಾಟರಿ ಬದಲಿಸಿದಾಗ ಬಹಳಷ್ಟು ಮೆಷಿನ್‌ಗಳಲ್ಲಿ ದಿನಾಂಕ, ಸಮಯ ಮೊದಲಿನ ಸ್ಥಿತಿಗೆ ಹೋಗುತ್ತವೆ. ಮೆಮೊರಿ ನಂಬಿ ಪುಸ್ತಕದಲ್ಲಿ ಬರೆಯದವರ ಬೆಳಗಿನ ರೀಡಿಂಗ್ ನಡುರಾತ್ರಿಯದಾಗಿ ಕೂರುತ್ತದೆ. ಕೆಲವು ಮೆಷಿನ್‌ಗಳು ಗಡಿಯಾರ ನೋಡಿಯೇ ಬೆಳಗಿನ ಸರಾಸರಿ, ಸಂಜೆಯ ಸರಾಸರಿ ತೆಗೆಯುತ್ತವೆ, ಸಮಯ ತಪ್ಪಿದರೆ ಆ ಸರಾಸರಿಯೂ ತಪ್ಪು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಮೆಷಿನ್ ಒಯ್ದರೆ ಇಳಿದ ದಿನವೇ ಅಲ್ಲಿನ ಸಮಯ ಹಾಕಿಕೊಳ್ಳಬೇಕು. ನಿದ್ದೆ ಹಳಿಗೆ ಬರುವವರೆಗಿನ ನಾಲ್ಕೈದು ದಿನದ ಅಂಕಿಗಳನ್ನು ಸರಾಸರಿಗೆ ಸೇರಿಸದಿರುವುದೇ ಒಳ್ಳೆಯದು. ಗಂಡ ಹೆಂಡತಿ ಒಂದೇ ಮೆಷಿನ್ ಬಳಸುವ ಕಡೆ 1, 2 ಎಂದು ಬಳಕೆದಾರರನ್ನು ಬದಲಿಸುವ ಗುಂಡಿ ಇದ್ದರೆ ಒತ್ತಿಯೇ ನೋಡಿ.

ಬರೆಯುವಾಗ ಕಂಡಷ್ಟನ್ನೇ ಬರೆಯಿರಿ. 137/84 ಅನ್ನು 130/80 ಮಾಡುವ ಅಭ್ಯಾಸ ಬಹಳ ಮಂದಿಗಿದೆ. ಮಾತ್ರೆ ಮರೆತ ದಿನ, ನಿದ್ದೆ ಇಲ್ಲದ ರಾತ್ರಿ, ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಮೂಗು ಕಟ್ಟಿದ್ದಕ್ಕೆ ತೆಗೆದುಕೊಂಡ ನೆಗಡಿ ಮಾತ್ರೆ, ಮದುವೆ ಊಟದ ಉಪ್ಪಿನಕಾಯಿ ಹಪ್ಪಳ ಇವೆಲ್ಲ ಪಕ್ಕದಲ್ಲಿ ಒಂದು ಪದದಲ್ಲಿ ಇರಲಿ.

ಎಷ್ಟು ದಿನಕ್ಕೊಮ್ಮೆ

ಬಿಪಿ ಹಿಡಿತಕ್ಕೆ ಬಂದವರು ಪ್ರತಿದಿನ ನೋಡಬೇಕಿಲ್ಲ. ವಾರಕ್ಕೆ ಒಂದೆರಡು ದಿನ, ಅದೇ ಬೆಳಿಗ್ಗೆ ಸಂಜೆ, ಸಾಕು. ಡಾಕ್ಟರನ್ನು ಕಾಣುವ ಮುಂಚಿನ ವಾರ ಮಾತ್ರ ಪೂರ್ತಿ ಏಳು ದಿನ. ಮಾತ್ರೆ ಬದಲಾದ ಮರುದಿನವೇ ‘ಇಳಿದೇ ಇಲ್ಲ’ ಎಂದು ಫೋನ್ ಮಾಡುವುದರಲ್ಲಿ ಅರ್ಥವಿಲ್ಲ. ಅಮ್ಲೋಡಿಪಿನ್ ರಕ್ತದಲ್ಲಿ ಒಂದು ಮಟ್ಟಕ್ಕೆ ಬರಲೇ 7ರಿಂದ 8 ದಿನ ಬೇಕು. ಎರಡು ವಾರ ಬಿಟ್ಟು ಏಳು ದಿನದ ಸರದಿ ಶುರುಮಾಡಿ. ದಿನಕ್ಕೆ ಹತ್ತು ಹದಿನೈದು ಸಲ ನೋಡುವವರೂ ಇದ್ದಾರೆ. ಒಂದು ಅಂಕಿ ಹೆಚ್ಚು ಬಂದರೆ ಗಾಬರಿ, ಗಾಬರಿಗೆ ಮುಂದಿನದು ಇನ್ನೂ ಹೆಚ್ಚು. ಅಂಥವರ ಮನೆಯವರು ಸರದಿ ಮುಗಿದ ಕೂಡಲೆ ಮೆಷಿನ್ ಎತ್ತಿಡುವುದು ಕ್ಷೇಮ.

ಬೇಸಿಗೆಯಲ್ಲಿ ಬಿಪಿ ಸ್ವಲ್ಪ ತಗ್ಗುತ್ತದೆ, ಚಳಿಗಾಲದಲ್ಲಿ ಏರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ಬಿಸಿಲಿನಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತು ಬಂದರೆ ಒಂದು ಸರದಿ ಆಗಲೇ ನೋಡುವುದು ಒಳ್ಳೆಯದು.

ರಾತ್ರಿ ಪಾಳಿಯ ನರ್ಸು, ಬಸ್ ಡ್ರೈವರ್, ಕಾಲ್ ಸೆಂಟರಿನವರು ‘ಬೆಳಿಗ್ಗೆ’ ಎಂಬುದನ್ನು ಗಡಿಯಾರದಲ್ಲಿ ಹುಡುಕಬಾರದು. ಮಧ್ಯಾಹ್ನ 3ಕ್ಕೆ ಎದ್ದರೆ 4ರೊಳಗಿನದು ಅವರ ಬೆಳಗಿನ ರೀಡಿಂಗ್. ಪಾಳಿ ಮುಗಿಸಿ ಬಂದು, ಊಟಕ್ಕೂ ನಿದ್ದೆಗೂ ಮುಂಚಿನದು ಎರಡನೆಯದು. ಪಾಳಿ ಬದಲಾದ ದಿನವನ್ನು ಪುಸ್ತಕದಲ್ಲಿ ಗುರುತಿಸಿ. ರಂಜಾನ್ ಉಪವಾಸದವರು ಸಹರಿಗೆ ಎದ್ದು ಉಣ್ಣುವ ಮುಂಚೆ ಒಮ್ಮೆ, ಇಫ್ತಾರ್‌ಗೆ ಮುಂಚೆ ಒಮ್ಮೆ ನೋಡಬಹುದು. ಮಾತ್ರೆಯ ಹೊತ್ತನ್ನು ತಿಂಗಳು ಶುರುವಾಗುವ ಮುಂಚೆಯೇ ಡಾಕ್ಟರ ಜೊತೆ ಕೂತು ಹೊಂದಿಸಿಕೊಳ್ಳಬೇಕು.

ಎದ್ದು ನಿಂತಾಗ

ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಪ್ರೊಸ್ಟೇಟ್‌ಗೆ ಅಥವಾ ಬಿಪಿಗೆ ಪ್ರಜೋಸಿನ್ ಥರದ ಮಾತ್ರೆ ತೆಗೆದುಕೊಳ್ಳುವವರು ಏಳು ದಿನದ ಸರದಿಯಲ್ಲಿ ಒಂದೆರಡು ಬೆಳಿಗ್ಗೆ ಇನ್ನೊಂದು ಕೆಲಸ ಮಾಡಬೇಕು. ಕೂತ ರೀಡಿಂಗ್ ಆದ ಮೇಲೆ ಪಟ್ಟಿ ಬಿಚ್ಚದೆ ಎದ್ದು ನಿಂತು, ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಒಮ್ಮೆ ನೋಡಿ. ತೋಳನ್ನು ಇನ್ನೊಬ್ಬರು ಹೃದಯದ ಮಟ್ಟಕ್ಕೆ ಹಿಡಿದಿರಲಿ, ಹಿಂದೆ ಕುರ್ಚಿ ಇರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಪಾಯಿಂಟ್ ಇಳಿದರೆ ಡಾಕ್ಟರಿಗೆ ಹೇಳಬೇಕು. ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಇದೂ ಒಂದು ಕಾರಣ.

180 ಕಂಡಾಗ

ಮೇಲಿನ ಅಂಕಿ 180 ಅಥವಾ ಕೆಳಗಿನದು 120 ಮುಟ್ಟಿದ್ದರೆ ಮೊದಲು ಕೇಳಬೇಕಾದ್ದು ಲಕ್ಷಣ. ಎದೆ ನೋವು, ಉಸಿರಾಡಲು ಕಷ್ಟ, ಮುಖ ವಾರೆಯಾಗುವುದು, ಒಂದು ಕಡೆಯ ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಹಿಂದೆಂದೂ ಬಾರದಂಥ ತಲೆನೋವು ಇವುಗಳಲ್ಲಿ ಒಂದಿದ್ದರೂ ಮತ್ತೆ ಮತ್ತೆ ನೋಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಬಿಪಿ ಎಷ್ಟೇ ಇದ್ದರೂ ಈ ಲಕ್ಷಣಗಳಿಗೆ ಇದೇ ನಿಯಮ. ಗರ್ಭಿಣಿಯರ ಲೆಕ್ಕ ಬೇರೆ: ಅವರಿಗೆ 140/90 ಬಂದರೇ ಅಂದೇ ಡಾಕ್ಟರಿಗೆ ತಿಳಿಸಬೇಕು. 160/110 ಆದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಲಕ್ಷಣ ಏನೂ ಇಲ್ಲವೆಂದರೆ ಐದು ನಿಮಿಷ ಸುಮ್ಮನೆ ಕೂತು, ಪಟ್ಟಿ ಸರಿಯಾಗಿ ಸುತ್ತಿ, ಮತ್ತೆ ಎರಡು ಸಲ ನೋಡಿ. ಇಳಿದರೆ ಬರೆದಿಡಿ. ಇಳಿಯದಿದ್ದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ, ಬೆಳಗಿನ ಮಾತ್ರೆ ನುಂಗಿದ್ದೀರೋ ಇಲ್ಲವೋ ನೋಡಿಕೊಂಡು ಹೇಳಿ. ಕೇಳದೆ ಎರಡನೇ ಮಾತ್ರೆ ಬೇಡ. ನಾಲಿಗೆ ಕೆಳಗೆ ನಿಫೆಡಿಪಿನ್ ಇಟ್ಟು ಬಿಪಿಯನ್ನು ಒಮ್ಮೆಲೇ ಇಳಿಸುವ ಹಳೆಯ ಪದ್ಧತಿ ಈಗಲೂ ಕೆಲವು ಕಡೆ ಉಳಿದಿದೆ. ಹಾಗೆ ದಿಢೀರನೆ ಕುಸಿದಾಗ ಮೆದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪಾರ್ಶ್ವವಾಯು, ಹೃದಯಾಘಾತ ಆಗಬಹುದು.